ಓದುಗರ ಪ್ರಶ್ನೆಗಳಿಗೆ ಉತ್ತರ: 1977ರ ಚುನಾವಣೆ ಮತ್ತು ಎರಡು ಹೋಳಾಗಿ ಕಂಡ ದೇಶ

ಕಳೆದ ಸಂಚಿಕೆಯ ಈ ಅಂಕಣದಲ್ಲಿ, 1977ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತವು ತುರ್ತು ಪರಿಸ್ಥಿತಿ ಹೇರಿದ್ದ ಇಂದಿರಾ ಗಾಂಧಿಯವರ ಕಾಂಗ್ರೆಸ್ಸನ್ನು ಬುಡಸಮೇತ ಕಿತ್ತೊಗೆದಾಗ ಕರ್ನಾಟಕ ತನ್ನ 28 ಸ್ಥಾನಗಳಲ್ಲಿ 26ನ್ನು ಅದೇ ಪಕ್ಷಕ್ಕೆ ಕೊಟ್ಟಿತು ಎಂದು ಒಂದು ಉತ್ತರದ ನಡುವೆ ಬರೆದಿದ್ದೆ. ಆ ಒಂದು ವಾಕ್ಯದ ಬಗ್ಗೆಯೇ ಬಹಳಷ್ಟು ಪತ್ರಗಳು ಬಂದಿವೆ. ಕೆಲವರು ಅದರಲ್ಲಿ ಆಕ್ಷೇಪವನ್ನು ಕಂಡಿದ್ದಾರೆ, ಕೆಲವರು ಹೆಮ್ಮೆಯನ್ನು ಕಂಡಿದ್ದಾರೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಹೆಸರು ಪ್ರಕಟಿಸಬಾರದೆಂದು ಹಲವರು ಕೋರಿರುವುದರಿಂದ ಎಲ್ಲರ ಹೆಸರನ್ನೂ ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ತುರ್ತು ಪರಿಸ್ಥಿತಿಯ ಕಾಲದಲ್ಲಿ ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು, ಸಾವಿರಾರು ಮಂದಿ ವಿಚಾರಣೆಯೇ ಇಲ್ಲದೆ ಜೈಲಿನಲ್ಲಿದ್ದರು. ಇಷ್ಟಾದ ಮೇಲೂ ಕರ್ನಾಟಕದ ಜನ ಅದೇ ಸರ್ಕಾರಕ್ಕೆ ಮತ ಹಾಕಿದ್ದು ಹೇಗೆ? ತರಗತಿಯಲ್ಲಿ ಇದನ್ನು ಕೇಳಿದಾಗ, ‘ಇಲ್ಲಿನವರಿಗೆ ಸುದ್ದಿಯೇ ತಲುಪಿರಲಿಲ್ಲ’ ಎಂಬ ಉತ್ತರ ಬಂತು. ಅದು ನಿಜವೇ?
— ಸ್ನಾತಕೋತ್ತರ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಆ ಉತ್ತರದಲ್ಲಿ ನಿಜದ ಒಂದು ಅಂಶ ಇದೆ, ಆದರೆ ಅದನ್ನೇ ಪೂರ್ತಿ ಕಾರಣವೆಂದು ಒಪ್ಪಲು ನನಗೆ ಸಾಧ್ಯವಾಗುತ್ತಿಲ್ಲ. ಮೊದಲಿಗೆ, ತುರ್ತು ಪರಿಸ್ಥಿತಿ ಕರ್ನಾಟಕವನ್ನು ಮುಟ್ಟಿರಲಿಲ್ಲ ಎಂಬ ಭಾವನೆಯನ್ನು ಬಿಡಬೇಕು. 1975ರ ಜೂನ್ ಕೊನೆಯಲ್ಲಿ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಇಲ್ಲಿಯೇ ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇಡಲಾಗಿತ್ತು. ಆಗ ವಿಧಾನಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ಎಚ್.ಡಿ. ದೇವೇಗೌಡರೂ ಜೈಲು ಸೇರಿದರು. ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ತಮ್ಮ ಲಾರೆನ್ಸ್ ಫರ್ನಾಂಡಿಸ್ ಅವರನ್ನು ಬೆಂಗಳೂರಿನಲ್ಲಿ ಪೊಲೀಸರು ಹಿಂಸಿಸಿದರು. ರಂಗಭೂಮಿ ಮತ್ತು ಸಿನಿಮಾ ಕಲಾವಿದೆ ಸ್ನೇಹಲತಾ ರೆಡ್ಡಿಯವರು ತಿಂಗಳುಗಟ್ಟಲೆ ಸೆರೆಯಲ್ಲಿದ್ದು, ಆಸ್ತಮಾದಿಂದ ಜರ್ಜರಿತರಾಗಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಅಂದರೆ ಚುನಾವಣೆ ಘೋಷಣೆಯಾಗಿ ಎರಡೇ ದಿನವಾಗಿತ್ತು. ಇದನ್ನು ಕರ್ನಾಟಕ ಮರೆಯಬಾರದು.

ಆದರೆ ಸಾಮಾನ್ಯ ಮತದಾರನ ಮನೆಯ ಬಾಗಿಲಿಗೆ ಏನು ಬಂತು ಎಂಬುದರಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ದೊಡ್ಡ ಅಂತರವಿತ್ತು. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಉತ್ತರ ಪ್ರದೇಶ, ಹರಿಯಾಣ, ದೆಹಲಿಯಂಥ ಕಡೆಗಳಲ್ಲಿ ಶಾಲಾ ಶಿಕ್ಷಕನ ಸಂಬಳದಿಂದ ಹಿಡಿದು ರೈತನ ಸಾಲದವರೆಗೆ ಎಲ್ಲವನ್ನೂ ಅದಕ್ಕೆ ಗಂಟು ಹಾಕಲಾಯಿತು. ಮುಜಫ್ಫರ್‌ನಗರದಲ್ಲಿ, ಸುಲ್ತಾನ್‌ಪುರ ಜಿಲ್ಲೆಯಲ್ಲಿ ಪ್ರತಿಭಟಿಸಿದವರ ಮೇಲೆ ಗುಂಡು ಹಾರಿತು. ದೆಹಲಿಯ ತುರ್ಕ್‌ಮಾನ್ ಗೇಟಿನಲ್ಲಿ ಬುಲ್ಡೋಜರ್‌ಗಳು ಮನೆಗಳನ್ನು ಕೆಡವಿದವು. ಕರ್ನಾಟಕದಲ್ಲಿಯೂ ಗುರಿ ಮುಟ್ಟಿಸುವ ಒತ್ತಡ ಅಧಿಕಾರಿಗಳ ಮೇಲೆ ಇದ್ದೇ ಇತ್ತು. ಆದರೂ ಹಳ್ಳಿಗೆ ಜೀಪು ಬಂದರೆ ಗಂಡಸರು ಹೊಲಗಳಲ್ಲಿ ಅಡಗಿಕೊಳ್ಳಬೇಕಾದ ಆ ಮಟ್ಟದ ಭೀತಿ ಇಲ್ಲಿ ಹರಡಲಿಲ್ಲ.

ಇಲ್ಲಿ ಬಾಗಿಲಿಗೆ ಬಂದದ್ದು ಬೇರೆ. ರಾಜ್ಯದಲ್ಲಿ ಆಗ ಇದ್ದ ದೇವರಾಜ ಅರಸು ಅವರ ಕಾಂಗ್ರೆಸ್ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತ್ತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ, ತಾಲ್ಲೂಕಿನ ಭೂನ್ಯಾಯ ಮಂಡಳಿಯ ಮುಂದೆ ನಿಂತು, ಧಣಿಯ ಎದುರಿನಲ್ಲೇ ‘ಈ ಗದ್ದೆಯನ್ನು ಉಳುತ್ತಿರುವವನು ನಾನು’ ಎಂದು ಹೇಳುವ ಕಾಲ ಅದು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಇದು ಮನೆಮನೆಯ ಮಾತಾಗಿತ್ತು. ಜೊತೆಗೆ ಸಣ್ಣ ರೈತರ ಋಣ ಪರಿಹಾರ, ಜೀತಪದ್ಧತಿಯ ನಿಷೇಧ, ಹಿಂದುಳಿದ ವರ್ಗಗಳ ಮೀಸಲಾತಿಯ ಬಗ್ಗೆ 1975ರಲ್ಲಿ ಬಂದ ಎಲ್.ಜಿ. ಹಾವನೂರು ಆಯೋಗದ ವರದಿ. ವಿರೋಧ ಪಕ್ಷಗಳು ಸೇರಿ ಕಟ್ಟಿದ, ಎದುರಿಗೆ ನಿಂತಿದ್ದ ಜನತಾ ಪಕ್ಷದ ರಾಜ್ಯ ನಾಯಕತ್ವದಲ್ಲಿ, 1969ರಲ್ಲಿ ಪಕ್ಷ ಒಡೆದಾಗ ಇಂದಿರಾ ಅವರಿಂದ ದೂರವಾದ ಹಳೆಯ ಸಂಸ್ಥಾ ಕಾಂಗ್ರೆಸ್ಸಿನವರು ಹೆಚ್ಚಾಗಿದ್ದರು. ಅವರಲ್ಲಿ ಸಜ್ಜನರು, ಸಮರ್ಥರು ಅನೇಕರಿದ್ದರು. ಆದರೆ ಗೇಣಿದಾರನ ಕಣ್ಣಿಗೆ ಅದು ಭೂಮಾಲೀಕರ ಪಕ್ಷದಂತೆ ಕಾಣುತ್ತಿತ್ತು. ಅರ್ಜಿ ಇನ್ನೂ ಮಂಡಳಿಯ ಮುಂದೆ ಬಾಕಿ ಇರುವಾಗ ಸರ್ಕಾರ ಬದಲಾದರೆ ತನ್ನ ಗತಿಯೇನು ಎಂದು ಅವನು ಯೋಚಿಸಿದ್ದರೆ ಅದರಲ್ಲಿ ಅಜ್ಞಾನ ಎಲ್ಲಿದೆ?

ಸುದ್ದಿ ತಲುಪಿರಲಿಲ್ಲ ಎಂಬ ವಾದಕ್ಕೆ ಒಂದು ಸ್ಪಷ್ಟ ಪರೀಕ್ಷೆ ನಮ್ಮ ಚರಿತ್ರೆಯಲ್ಲೇ ಇದೆ, ಅದನ್ನು ನಿಮ್ಮ ತರಗತಿಯಲ್ಲಿ ದಯವಿಟ್ಟು ಪ್ರಸ್ತಾಪಿಸಿ. 1977ರ ಮಾರ್ಚ್ ನಂತರ ಸೆನ್ಸಾರ್ ಇರಲಿಲ್ಲ. ಜೈಲಿನಿಂದ ಬಂದವರ ಅನುಭವಗಳು ಪತ್ರಿಕೆಗಳಲ್ಲಿ ತುಂಬಿಕೊಂಡವು, ತುರ್ತು ಪರಿಸ್ಥಿತಿಯ ಅತಿರೇಕಗಳ ತನಿಖೆಗೆ ನೇಮಿಸಿದ ಷಾ ಆಯೋಗದ ವಿಚಾರಣೆ ವಾರಗಟ್ಟಲೆ ಸುದ್ದಿಯಾಯಿತು. ಎಲ್ಲವನ್ನೂ ಓದಿ ಕೇಳಿದ ಮೇಲೆ, 1978ರ ಫೆಬ್ರುವರಿಯ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕ ಇಂದಿರಾ ಕಾಂಗ್ರೆಸ್ಸಿಗೆ 224ರಲ್ಲಿ 149 ಸ್ಥಾನ ಕೊಟ್ಟಿತು. ಅದೇ ಮತದಾರರು 1983ರ ಜನವರಿಯಲ್ಲಿ ಅದೇ ಪಕ್ಷವನ್ನು ರಾಜ್ಯದಲ್ಲಿ ಮೊದಲ ಬಾರಿಗೆ ಅಧಿಕಾರದಿಂದ ಕೆಳಗಿಳಿಸಿದರು. ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೇವೆ ಎಂಬುದು ಅವರಿಗೆ ಪ್ರತಿ ಸಲವೂ ತಿಳಿದಿತ್ತು ಎಂದೇ ನಾನು ನಂಬುತ್ತೇನೆ.

ಇದನ್ನು ಹೇಳುವಾಗ ಸೆರೆಮನೆಯಲ್ಲಿ ನೊಂದವರ ಮನಸ್ಸನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಜೀವವನ್ನೇ ಪಣಕ್ಕಿಟ್ಟು ಸರ್ವಾಧಿಕಾರವನ್ನು ವಿರೋಧಿಸಿದವರಿಗೆ ತಮ್ಮದೇ ನಾಡಿನ ಈ ಫಲಿತಾಂಶ ಎಷ್ಟು ಕಹಿಯಾಗಿದ್ದಿರಬೇಕು! ತುರ್ತು ಪರಿಸ್ಥಿತಿ ಅಕ್ಷಮ್ಯವಾಗಿತ್ತು, 26 ಸ್ಥಾನಗಳು ಅದನ್ನು ಕ್ಷಮ್ಯವಾಗಿಸಲಿಲ್ಲ. ಆದರೆ ಸ್ವಾತಂತ್ರ್ಯದ ಪ್ರಶ್ನೆ ಮತ್ತು ಭೂಮಿಯ ಪ್ರಶ್ನೆ ಎರಡೂ ಒಂದೇ ಮತಪತ್ರದಲ್ಲಿ ಬಂದಾಗ, ಮತದಾರನ ಕೈಯಲ್ಲಿ ಇದ್ದದ್ದು ಒಂದೇ ಮುದ್ರೆ.

ಪ್ರಶ್ನೆ: ಆ ವರ್ಷ ನಾನು ದೆಹಲಿಯಲ್ಲಿ ನೌಕರಿಯಲ್ಲಿದ್ದೆ. ಫಲಿತಾಂಶ ಬಂದ ಮರುದಿನದಿಂದ ಕೆಲವು ಸಹೋದ್ಯೋಗಿಗಳು, ‘ನಾವು ದೇಶಕ್ಕೆ ಸ್ವಾತಂತ್ರ್ಯ ತಂದೆವು, ನೀವು ದಕ್ಷಿಣದವರು ಗುಲಾಮಗಿರಿಯನ್ನೇ ಆರಿಸಿಕೊಂಡಿರಿ’ ಎಂದು ಹಂಗಿಸುತ್ತಿದ್ದರು. ಊರಿಗೆ ಬಂದರೆ ಇಲ್ಲಿನವರು, ‘ಉತ್ತರದವರು ನಸ್‌ಬಂದಿಯ (ಸಂತಾನಶಕ್ತಿಹರಣದ) ಸಿಟ್ಟಿನಲ್ಲಿ ಮತ ಹಾಕಿದರು, ಅವರಿಗೆ ಪ್ರಜಾಪ್ರಭುತ್ವ ಏನು ಗೊತ್ತು’ ಎನ್ನುತ್ತಿದ್ದರು. ದೇಶ ನಿಜವಾಗಿಯೂ ಎರಡಾಗಿತ್ತೇ?
— ನಿವೃತ್ತ ಸರ್ಕಾರಿ ನೌಕರರು, ಹಾಸನ

ಉತ್ತರ: ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದೆ. ಎರಡೂ ಕಡೆಯ ಮಾತುಗಳಲ್ಲಿ ಇರುವ ತಪ್ಪು ಒಂದೇ: ಸ್ಥಾನಗಳ ನಕ್ಷೆಯನ್ನು ಜನರ ಮನಸ್ಸಿನ ನಕ್ಷೆ ಎಂದು ತಿಳಿದದ್ದು. ಆ ನಕ್ಷೆ ಭಯ ಹುಟ್ಟಿಸುವಂತೆಯೇ ಇತ್ತು, ಒಪ್ಪುತ್ತೇನೆ. ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಇಲ್ಲ, ಬಿಹಾರದ 54ರಲ್ಲಿ ಒಂದೂ ಇಲ್ಲ, ದೆಹಲಿ, ಹರಿಯಾಣ, ಪಂಜಾಬುಗಳಲ್ಲಿ ಶೂನ್ಯ. ಮಧ್ಯಪ್ರದೇಶದಲ್ಲಿ ಒಂದು, ರಾಜಸ್ಥಾನದಲ್ಲಿ ಒಂದು. ಆಂಧ್ರಪ್ರದೇಶದಲ್ಲಿ ಇದಕ್ಕೆ ನೇರ ವಿರುದ್ಧವಾಗಿ 42ರಲ್ಲಿ 41 ಕಾಂಗ್ರೆಸ್ಸಿಗೆ. ಉಳಿದ ಒಂದು ಸ್ಥಾನ ನಂದ್ಯಾಲದಿಂದ ಗೆದ್ದ ನೀಲಂ ಸಂಜೀವ ರೆಡ್ಡಿಯವರದು. ಕೇರಳದ 20 ಸ್ಥಾನಗಳೂ ಕಾಂಗ್ರೆಸ್ ಇದ್ದ ಮೈತ್ರಿಕೂಟಕ್ಕೆ ಹೋದವು.

ಈಗ ಸ್ಥಾನಗಳನ್ನು ಪಕ್ಕಕ್ಕಿಟ್ಟು ಮತಗಳನ್ನು ನೋಡಿ. ಕರ್ನಾಟಕದಲ್ಲಿ ಕಾಂಗ್ರೆಸ್ಸಿಗೆ ಬಂದದ್ದು ಶೇಕಡ 57ರಷ್ಟು ಮತ, ಜನತಾ ಪಕ್ಷಕ್ಕೆ ಶೇಕಡ 40ರಷ್ಟು. ಆ 40ಕ್ಕೆ ಸಿಕ್ಕಿದ ಸ್ಥಾನಗಳು ಎರಡೇ, ಹಾಸನ ಮತ್ತು ಬೆಂಗಳೂರು ದಕ್ಷಿಣ. ಹಾಸನ ನಿಮ್ಮ ಜಿಲ್ಲೆಯೇ ಎಂಬುದನ್ನು ಆ ಸಹೋದ್ಯೋಗಿಗಳಿಗೆ ನೀವು ಹೇಳಿದ್ದಿರಬಹುದು. ಬೆಂಗಳೂರು ದಕ್ಷಿಣದಲ್ಲಿ ಗೆದ್ದವರು ಕೆ.ಎಸ್. ಹೆಗ್ಡೆಯವರು. 1973ರಲ್ಲಿ ಕೇಶವಾನಂದ ಭಾರತಿ ಪ್ರಕರಣದ ತೀರ್ಪಿನ ಬೆನ್ನಿಗೇ ಸೇವಾ ಹಿರಿತನವನ್ನು ಕಡೆಗಣಿಸಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಹೊರಬಂದ ಮೂವರಲ್ಲಿ ಒಬ್ಬರು. ಗುಲಾಮಗಿರಿಯನ್ನು ಆರಿಸಿಕೊಂಡಿತು ಎನ್ನಲಾದ ರಾಜ್ಯದಲ್ಲಿ ಹತ್ತು ಮಂದಿ ಮತದಾರರಲ್ಲಿ ನಾಲ್ವರು ಜನತಾ ಪಕ್ಷದ ಜೊತೆಗಿದ್ದರು. ಅತ್ತ ಉತ್ತರ ಪ್ರದೇಶದಲ್ಲಿ ಒಂದೂ ಸ್ಥಾನ ಗೆಲ್ಲದ ಕಾಂಗ್ರೆಸ್ಸಿಗೆ ಹೆಚ್ಚುಕಡಿಮೆ ನಾಲ್ಕನೆಯ ಒಂದು ಪಾಲು ಮತ ಬಂದಿತ್ತು. ಒಟ್ಟು ದೇಶದಲ್ಲಿ ಜನತಾ ಪಕ್ಷಕ್ಕೆ ಶೇಕಡ 41ರಷ್ಟು ಮತ ಮತ್ತು 295 ಸ್ಥಾನ, ಕಾಂಗ್ರೆಸ್ಸಿಗೆ ಶೇಕಡ 34ಕ್ಕಿಂತ ಸ್ವಲ್ಪ ಹೆಚ್ಚು ಮತ ಮತ್ತು 154 ಸ್ಥಾನ. ಹೆಚ್ಚು ಮತ ಪಡೆದ ಒಬ್ಬನೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ, ಒಂದು ಪ್ರದೇಶದ ಉದ್ದಗಲಕ್ಕೂ ಗಾಳಿ ಒಂದೇ ದಿಕ್ಕಿಗೆ ಬೀಸಿದರೆ ಸೋತವರ ಮತಗಳು ನಕ್ಷೆಯಿಂದ ಪೂರ್ತಿಯಾಗಿ ಅಳಿಸಿಹೋಗುತ್ತವೆ.

ಉತ್ತರ, ದಕ್ಷಿಣ ಎಂಬ ಗೆರೆಯೂ ಅಷ್ಟು ನೇರವಾಗಿರಲಿಲ್ಲ. ಮಹಾರಾಷ್ಟ್ರದಲ್ಲಿ ಕಾಂಗ್ರೆಸ್ಸಿಗೆ 20, ಜನತಾ ಪಕ್ಷಕ್ಕೆ 19. ಜನತಾ ಪಕ್ಷದಿಂದ ಪ್ರಧಾನಿಯಾದ ಮೊರಾರ್ಜಿ ದೇಸಾಯಿಯವರ ಗುಜರಾತಿನಲ್ಲೇ 26ರಲ್ಲಿ 10 ಕಾಂಗ್ರೆಸ್ಸಿಗೆ. ದಕ್ಷಿಣಕ್ಕೆ ಯಾವ ಸಂಬಂಧವೂ ಇಲ್ಲದ ಅಸ್ಸಾಮಿನಲ್ಲಿ 14ರಲ್ಲಿ 10 ಕಾಂಗ್ರೆಸ್ಸಿಗೆ. ಹಾಗೆಯೇ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅವರನ್ನು, ಅವರು ಸೆರೆಯಲ್ಲಿದ್ದುಕೊಂಡೇ ಸ್ಪರ್ಧಿಸಿದಾಗ, ಬಿಹಾರದ ಮುಜಫ್ಫರ್‌ಪುರ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆಲ್ಲಿಸಿತು.

ನಸ್‌ಬಂದಿಯ ಸಿಟ್ಟು ಎಂದು ನಮ್ಮವರು ಆಡಿದ ಮಾತಿನ ಬಗ್ಗೆಯೂ ನನ್ನ ಅಭಿಪ್ರಾಯ ಹೇಳಬೇಕು. ತನ್ನ ದೇಹದ ಮೇಲೆ ತನಗೆ ಹಕ್ಕಿಲ್ಲದಂತೆ ಮಾಡಿದ ಅಧಿಕಾರವನ್ನು ಮತದಿಂದ ಇಳಿಸಿದವನಿಗೆ ಪ್ರಜಾಪ್ರಭುತ್ವ ಗೊತ್ತಿಲ್ಲವೆಂದರೆ ಅದು ಇನ್ನಾರಿಗೆ ಗೊತ್ತಿರಬೇಕು?

ಇನ್ನೊಂದು ಸಂಗತಿಯನ್ನು ಆ ಕಾಲದಲ್ಲಿ ಎರಡೂ ಕಡೆಯವರು ಗಮನಿಸಿದಂತಿಲ್ಲ. ಕಾಂಗ್ರೆಸ್ಸಿನ 154 ಸದಸ್ಯರಲ್ಲಿ 92 ಮಂದಿ ದಕ್ಷಿಣದ ನಾಲ್ಕು ರಾಜ್ಯಗಳಿಂದ ಬಂದವರು. ಇದರಿಂದ ಲೋಕಸಭೆಯಲ್ಲಿ ಮೊದಲ ಸಲ ಒಂದು ಗಟ್ಟಿಯಾದ ವಿರೋಧ ಪಕ್ಷ ಕುಳಿತಿತು, ವೈ.ಬಿ. ಚವಾಣ್ ಅದರ ನಾಯಕರಾದರು, ವಿರೋಧ ಪಕ್ಷದ ನಾಯಕನಿಗೆ ಕಾನೂನಿನ ಸ್ಥಾನಮಾನ ನೀಡುವ ಕಾಯ್ದೆ ಆ ವರ್ಷವೇ ಬಂತು. ರಾಜ್ಯಸಭೆಯಲ್ಲಿ ಕಾಂಗ್ರೆಸ್ಸಿಗೇ ಬಹುಮತವಿತ್ತು. ತುರ್ತು ಪರಿಸ್ಥಿತಿ ಮತ್ತೆ ಸುಲಭವಾಗಿ ಬಾರದಂತೆ ತಡೆಯುವ ಸಂವಿಧಾನದ 44ನೆಯ ತಿದ್ದುಪಡಿಯನ್ನು 1978ರಲ್ಲಿ ತಂದಾಗ ಗೆದ್ದವರು ಸೋತವರ ಜೊತೆ ಮಾತಾಡಲೇಬೇಕಾಯಿತು. ‘ಆಂತರಿಕ ಕ್ಷೋಭೆ’ ಎಂಬ ಕಾರಣ ಹೋಗಿ ‘ಸಶಸ್ತ್ರ ಬಂಡಾಯ’ ಬಂತು, ಸಚಿವ ಸಂಪುಟದ ಲಿಖಿತ ಸಲಹೆ ಕಡ್ಡಾಯವಾಯಿತು, ಜೀವದ ಹಕ್ಕನ್ನು ಅಮಾನತಿನಲ್ಲಿ ಇಡಲಾಗದು ಎಂದಾಯಿತು. ಕೆಲವು ಕಲಮುಗಳನ್ನು ರಾಜ್ಯಸಭೆ ತಿರಸ್ಕರಿಸಿತು, ಉಳಿದವು ಎರಡೂ ಪಕ್ಷಗಳ ಮತದಿಂದ ಸಂವಿಧಾನವನ್ನು ಸೇರಿದವು. ಒಡೆದ ಫಲಿತಾಂಶದಿಂದ ದೇಶಕ್ಕೆ ಬಂದ ಲಾಭವನ್ನು ಲೆಕ್ಕ ಹಾಕುವಾಗ ಇದನ್ನು ಬಿಡಬಾರದು.

ಪ್ರಶ್ನೆ: ಇಂದಿರಾ ಗಾಂಧಿಯವರು ಸೋಲನ್ನು ತಕ್ಷಣ ಒಪ್ಪಿಕೊಂಡರೇ?
— ಓದುಗರು, ತುಮಕೂರು

ಉತ್ತರ: ಒಪ್ಪಿಕೊಂಡರು. ರಾಯ್‌ಬರೇಲಿಯಲ್ಲಿ ಅವರು ರಾಜ್ ನಾರಾಯಣ್ ಅವರಿಗೆ 55,202 ಮತಗಳಿಂದ ಸೋತರು, ಪಕ್ಕದ ಅಮೇಠಿಯಲ್ಲಿ ಮಗ ಸಂಜಯ್ ಕೂಡ ಸೋತರು. ಮಾರ್ಚ್ 21ರಂದು ಆಂತರಿಕ ತುರ್ತು ಪರಿಸ್ಥಿತಿಯನ್ನು ಹಿಂತೆಗೆದುಕೊಳ್ಳಲಾಯಿತು, ಮಾರ್ಚ್ 22ರಂದು ಅವರು ರಾಜೀನಾಮೆ ಸಲ್ಲಿಸಿದರು, ಜನರ ಸಾಮೂಹಿಕ ತೀರ್ಪನ್ನು ಗೌರವಿಸಬೇಕು ಎಂಬ ಅರ್ಥದ ಹೇಳಿಕೆ ಕೊಟ್ಟರು. ಸುಮಾರು ಇಪ್ಪತ್ತೊಂದು ತಿಂಗಳು ಪ್ರಶ್ನಾತೀತ ಅಧಿಕಾರ ನಡೆಸಿದವರು ಒಂದು ಎಣಿಕೆಗೆ ತಲೆಬಾಗಿದ್ದು ಸಣ್ಣ ಸಂಗತಿಯೆಂದು ನಾನು ಭಾವಿಸುವುದಿಲ್ಲ. ಹಾಗೆಂದು ಅದಕ್ಕೆ ಮುಂಚಿನದೆಲ್ಲ ಇದರಿಂದ ತೊಳೆದುಹೋಗುವುದೂ ಇಲ್ಲ. ಮಾರ್ಚ್ 24ರಂದು ಜನತಾ ಪಕ್ಷದ ಸಂಸದರು, ಇಂದಿರಾ ವಿರುದ್ಧದ ಚಳವಳಿಯ ನಾಯಕರಾಗಿದ್ದ ಜಯಪ್ರಕಾಶ ನಾರಾಯಣರ (ಜೆಪಿ) ಸಮ್ಮುಖದಲ್ಲಿ ರಾಜಘಾಟದಲ್ಲಿ ಪ್ರತಿಜ್ಞೆ ತೆಗೆದುಕೊಂಡರು. ತಮ್ಮನ್ನು ಸೆರೆಗೆ ತಳ್ಳಿದ ಇಂದಿರಾ ಅವರ ಮನೆಗೆ ಜೆಪಿಯವರು ಆ ದಿನಗಳಲ್ಲೇ ಹೋಗಿ ಅವರನ್ನು ಕಂಡು ಮಾತಾಡಿಸಿ ಬಂದರು. ಫಲಿತಾಂಶಕ್ಕೆ ಬಂದ ಪ್ರತಿಕ್ರಿಯೆಗಳಲ್ಲೆಲ್ಲ ನನಗೆ ಅತ್ಯಂತ ಘನತೆಯದೆಂದು ತೋರುವುದು ಅದೇ.

ಪ್ರಶ್ನೆ: ಪ್ರಜಾಪ್ರಭುತ್ವವನ್ನು ಉಳಿಸಲೆಂದು ಬಂದ ಜನತಾ ಸರ್ಕಾರವೇ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಿತು ಎಂದು ಓದಿದೆ. ಇದರಲ್ಲಿ ನಮ್ಮ ಬಿ.ಡಿ. ಜತ್ತಿಯವರ ಪಾತ್ರವೇನು?
— ವಕೀಲರು, ಜಮಖಂಡಿ

ಉತ್ತರ: ನಿಮ್ಮ ಊರಿನವರಿಂದ ಈ ಪ್ರಶ್ನೆ ಬಂದದ್ದು ಸಹಜವೇ. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರು 1977ರ ಫೆಬ್ರುವರಿ 11ರಂದು, ಚುನಾವಣೆಯ ಕಾವಿನ ನಡುವೆಯೇ ನಿಧನರಾದರು. ಉಪರಾಷ್ಟ್ರಪತಿಯಾಗಿದ್ದ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಇಂದಿರಾ ಅವರ ರಾಜೀನಾಮೆಯನ್ನು ಸ್ವೀಕರಿಸಿದವರೂ ಮೊರಾರ್ಜಿಯವರಿಗೆ ಪ್ರಮಾಣವಚನ ಬೋಧಿಸಿದವರೂ ಹೀಗೆ ಒಬ್ಬ ಕನ್ನಡಿಗರು, ಹಳೆಯ ಮೈಸೂರು ರಾಜ್ಯದ ಮಾಜಿ ಮುಖ್ಯಮಂತ್ರಿ.

ಗೃಹ ಸಚಿವ ಚರಣ್ ಸಿಂಗ್ ಅವರು ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ಮುಖ್ಯಮಂತ್ರಿಗಳಿಗೆ, ಲೋಕಸಭೆಯಲ್ಲಿ ನಿಮ್ಮ ಪಕ್ಷ ನಿರ್ನಾಮವಾಗಿರುವುದರಿಂದ ವಿಧಾನಸಭೆಯನ್ನು ವಿಸರ್ಜಿಸಿ ಮತ್ತೆ ಜನರ ಬಳಿ ಹೋಗಿ ಎಂದು ಬರೆದರು. ಕೆಲವು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು, ಕೋರ್ಟು ಮಧ್ಯೆ ಪ್ರವೇಶಿಸಲು ಒಪ್ಪಲಿಲ್ಲ. ಸಂಪುಟದ ಸಲಹೆ ಮುಂದೆ ಬಂದಾಗ ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ಅವರ ಹಿಂಜರಿಕೆ ಆಗ ದೊಡ್ಡ ವಿವಾದವಾಯಿತು, ಜನಾದೇಶಕ್ಕೆ ಅಡ್ಡ ಬರುತ್ತಿದ್ದಾರೆ ಎಂದು ಟೀಕೆ ಕೇಳಿಬಂತು. ಏಪ್ರಿಲ್ 30ರಂದು ಅವರು ಸಹಿ ಹಾಕಿದರು. ನನ್ನ ದೃಷ್ಟಿಯಲ್ಲಿ ಆ ಹಿಂಜರಿಕೆ ಸರಿಯಾಗಿತ್ತು. ಸಂಪುಟದ ಸಲಹೆಯನ್ನು ಮೀರುವ ಅಧಿಕಾರ ಅವರಿಗಿರಲಿಲ್ಲ, ಆದರೆ ಕೇಳಬೇಕಾದ ಪ್ರಶ್ನೆಯೊಂದು ಅಲ್ಲಿತ್ತು. ಲೋಕಸಭೆಗೆ ಹಾಕಿದ ಮತವನ್ನು ವಿಧಾನಸಭೆಗೂ ಹಾಕಿದ ಮತವೆಂದು ಎಣಿಸಲು ಯಾರಿಗೆ ಹಕ್ಕಿದೆ? ಕರ್ನಾಟಕದ ಮತದಾರರು ಇದಕ್ಕೆ ಮುಂದೆ ಎಷ್ಟು ನಿಚ್ಚಳವಾದ ಉತ್ತರ ಕೊಟ್ಟರು ನೋಡಿ: 1984ರ ಡಿಸೆಂಬರಿನಲ್ಲಿ ಲೋಕಸಭೆಗೆ ಕಾಂಗ್ರೆಸ್ಸಿನ 24 ಮಂದಿಯನ್ನು ಕಳಿಸಿ, 1985ರ ಮಾರ್ಚಿನಲ್ಲಿ ವಿಧಾನಸಭೆಗೆ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷದ 139 ಮಂದಿಯನ್ನು ಆರಿಸಿದರು.

ಗೆದ್ದವರು ಹಾಕಿಕೊಟ್ಟ ದಾರಿಯಲ್ಲಿ ಮುಂದೆ ಗೆದ್ದವರೂ ನಡೆದರು. 1980ರಲ್ಲಿ ಇಂದಿರಾ ಅವರು ಅಧಿಕಾರಕ್ಕೆ ಮರಳಿದೊಡನೆ ಅದೇ ವಾದ ಹೂಡಿ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಿದರು. ಕರ್ನಾಟಕದಲ್ಲಿ ಅರಸು ಸರ್ಕಾರವನ್ನು 1977ರ ಡಿಸೆಂಬರ್ 31ರಂದು, ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು 1989ರ ಏಪ್ರಿಲಿನಲ್ಲಿ ವಜಾ ಮಾಡಲಾಯಿತು. ಎರಡು ಸಲವೂ ಸದನದಲ್ಲಿ ಬಲಾಬಲ ಪರೀಕ್ಷೆಗೆ ಅವಕಾಶ ಸಿಗಲಿಲ್ಲ. ಈ ಚಾಳಿಗೆ ಕಡಿವಾಣ ಬಿದ್ದದ್ದು 1994ರ ಮಾರ್ಚಿನಲ್ಲಿ, ಬೊಮ್ಮಾಯಿ ಪ್ರಕರಣದ ತೀರ್ಪಿನಿಂದ. ನೀವು ವಕೀಲರಾದ್ದರಿಂದ ಆ ತೀರ್ಪಿನ ವಿವರ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ: ಸೋತ ಇಂದಿರಾ ಗಾಂಧಿಯವರಿಗೆ ಮರುಜನ್ಮ ಕೊಟ್ಟದ್ದು ನಮ್ಮ ಜಿಲ್ಲೆ. ಇದನ್ನು ಹೆಮ್ಮೆ ಎನ್ನಬೇಕೋ ತಪ್ಪು ಎನ್ನಬೇಕೋ ತಿಳಿಯದೆ ನಮ್ಮ ಮನೆಯಲ್ಲಿ ಇಂದಿಗೂ ವಾದ ನಡೆಯುತ್ತದೆ. ನಿಮ್ಮ ಅಭಿಪ್ರಾಯ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ 1978ರ ನವೆಂಬರಿನಲ್ಲಿ ನಡೆದ ಆ ಉಪಚುನಾವಣೆ ಬಹುಶಃ ನಮ್ಮ ದೇಶದ ಅತ್ಯಂತ ಪ್ರಸಿದ್ಧ ಉಪಚುನಾವಣೆ. ಎದುರಾಳಿ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ‘ಏಕ್ ಶೇರ್ನೀ ಸೌ ಲಂಗೂರ್, ಚಿಕ್‌ಮಗಳೂರ್ ಚಿಕ್‌ಮಗಳೂರ್’ ಎಂಬ ಘೋಷಣೆ, ಒಂದು ಸಿಂಹಿಣಿಯ ಎದುರು ನೂರು ಮುಸುವಗಳು ಎಂಬ ಅರ್ಥದ್ದು, ಮಲೆನಾಡಿನ ಮಳೆಗಾಲ ಮುಗಿದ ಮೇಲಿನ ಆ ದಿನಗಳಲ್ಲಿ ದೇಶವೆಲ್ಲ ಕೇಳಿಸಿತು. ಇಂದಿರಾ ಅವರು 77,000ಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಅದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಮತದಾರರ ಆಯ್ಕೆಯನ್ನು ಒಪ್ಪದಿರಬಹುದು, ಪ್ರಶ್ನಿಸಬಹುದು. ಆದರೆ ಅದಕ್ಕಾಗಿ ಒಂದು ಜಿಲ್ಲೆಯ ಜನ ಇಷ್ಟು ವರ್ಷಗಳ ನಂತರವೂ ತಲೆ ತಗ್ಗಿಸಬೇಕೆಂದರೆ ಅದು ಅನ್ಯಾಯ. ನನಗೆ ಹೆಚ್ಚು ಕಾಡುವುದು ಆ ಗೆಲುವಿಗೆ ಬಂದ ಪ್ರತಿಕ್ರಿಯೆ. ಆರು ವಾರಗಳ ಬಳಿಕ, ಡಿಸೆಂಬರ್ 19ರಂದು, ಲೋಕಸಭೆ ಅವರನ್ನು ಸದನದಿಂದ ಉಚ್ಚಾಟಿಸಿತು ಮತ್ತು ಅಧಿವೇಶನ ಮುಗಿಯುವವರೆಗೆ ತಿಹಾರ್ ಜೈಲಿಗೆ ಕಳಿಸಿತು. ಪ್ರಧಾನಿಯಾಗಿದ್ದಾಗ ಮಗ ಸಂಜಯ್ ಅವರ ಮಾರುತಿ ಕಂಪನಿಯ ಬಗ್ಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿ ಹಕ್ಕುಚ್ಯುತಿ ಮಾಡಿದರು ಎಂಬುದು ಆರೋಪ. ಆಗ ಸಭಾಧ್ಯಕ್ಷರಾಗಿದ್ದವರು ನಾನು ಮೇಲೆ ಹೇಳಿದ ಕೆ.ಎಸ್. ಹೆಗ್ಡೆಯವರೇ. ಆರೋಪ ಹಗುರವಾದದ್ದಾಗಿರಲಿಲ್ಲ. ಆದರೆ ಅದನ್ನು ತೂಗಬೇಕಾದದ್ದು ನ್ಯಾಯಾಲಯದ ತಕ್ಕಡಿಯಲ್ಲಿ. ಸದನದ ಬಹುಮತದಿಂದ ಒಬ್ಬ ಸದಸ್ಯರನ್ನು ಹೊರಹಾಕಿದಾಗ ಅವರನ್ನು ಆರಿಸಿದ ಚಿಕ್ಕಮಗಳೂರಿನ ಮತಗಳನ್ನೂ ಹೊರಹಾಕಿದಂತಾಯಿತು. ಅನುಕಂಪದ ಅಲೆ ಎದ್ದದ್ದು ಅಲ್ಲಿಂದಲೇ. 1980ರಲ್ಲಿ ಅವರ ಪಕ್ಷ 353 ಸ್ಥಾನಗಳೊಂದಿಗೆ ಮರಳಿತು, ಕರ್ನಾಟಕದ 28ರಲ್ಲಿ 27 ಅವರ ಪಾಲಾದವು. ಉಚ್ಚಾಟನೆಯ ನಿರ್ಣಯವನ್ನು 1981ರಲ್ಲಿ ಲೋಕಸಭೆಯೇ ರದ್ದುಪಡಿಸಿತು. ನಿಮ್ಮ ಮನೆಯ ವಾದ ಮುಂದುವರಿಯಲಿ, ಅದರಲ್ಲಿ ಈ ಡಿಸೆಂಬರಿನ ಘಟನೆಯೂ ಸೇರಲಿ.

ಪ್ರಶ್ನೆ: ಇತ್ತೀಚಿನ ಲೋಕಸಭಾ ಫಲಿತಾಂಶ ಬಂದ ದಿನ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನನಗೂ ದೊಡ್ಡಪ್ಪನ ಮಗನಿಗೂ ಮಾತಿಗೆ ಮಾತು ಬೆಳೆದು, ಅಣ್ಣ ಗುಂಪನ್ನೇ ಬಿಟ್ಟರು. ಹಬ್ಬಕ್ಕೂ ಬರಲಿಲ್ಲ. ಯಾರ ಪಕ್ಷ ಸರಿ ಎಂದು ಕೇಳುತ್ತಿಲ್ಲ. ಇಂಥ ಸಂದರ್ಭದಲ್ಲಿ ಹೇಗೆ ನಡೆದುಕೊಳ್ಳಬೇಕು?
— ಗೃಹಿಣಿ, ಬೆಂಗಳೂರು

ಉತ್ತರ: ಅಮ್ಮಾ, ನಿಮ್ಮ ಪತ್ರದ ಜೊತೆಗೆ ನೀವು ಕಳಿಸಿದ ಸಂದೇಶಗಳ ಪ್ರತಿಯನ್ನು ನೋಡಿದೆ. ಅವುಗಳಲ್ಲಿ ನೀವಾಗಲಿ ನಿಮ್ಮ ಅಣ್ಣನಾಗಲಿ ಯಾವುದೇ ಪಕ್ಷದ ನೀತಿಯ ಬಗ್ಗೆ ಒಂದು ವಾಕ್ಯವನ್ನೂ ಬರೆದಿಲ್ಲ. ಜಗಳವೆಲ್ಲ ನಡೆದದ್ದು ಮತ ಹಾಕಿದವರ ಬಗ್ಗೆ: ಅವರು ಹಣಕ್ಕೆ ಮಾರಿಕೊಂಡವರು, ಇವರು ಕುರುಡು ಭಕ್ತರು, ಆ ರಾಜ್ಯದವರು ಕೃತಘ್ನರು ಎಂದು. 2024ರ ಜೂನ್‌ನಲ್ಲಿ ಅಯೋಧ್ಯೆ ಇರುವ ಫೈಜಾಬಾದ್ ಕ್ಷೇತ್ರದಲ್ಲಿ ಬಿಜೆಪಿ ಸೋತಾಗ ಅಲ್ಲಿನ ಮತದಾರರ ಮೇಲೆ ಸಾಮಾಜಿಕ ಜಾಲತಾಣಗಳಲ್ಲಿ ಬೈಗುಳದ ಮಳೆ ಸುರಿಯಿತು, ಅಲ್ಲಿನ ಅಂಗಡಿಗಳಲ್ಲಿ ಏನನ್ನೂ ಕೊಳ್ಳಬೇಡಿ ಎಂದು ಕೆಲವರು ಕರೆ ಕೊಟ್ಟರು. ಬೇರೆ ಬೇರೆ ಚುನಾವಣೆಗಳ ನಂತರ ಇದೇ ಬಗೆಯ ತಿರಸ್ಕಾರದ ಮಾತುಗಳನ್ನು ಹಿಂದಿ ಸೀಮೆಯ ಮತದಾರರ ಬಗ್ಗೆ ಇನ್ನೊಂದು ಪಂಗಡದವರು ಆಡಿದ್ದಾರೆ. ಹಾಸನದ ಹಿರಿಯರು 1977ರಲ್ಲಿ ದೆಹಲಿಯಲ್ಲೂ ಊರಿನಲ್ಲೂ ಕೇಳಿದ್ದು ಇದನ್ನೇ.

ಅಣ್ಣನಿಗೆ ನೀವೇ ಮೊದಲು ಫೋನ್ ಮಾಡಿ. ರಾಜಕೀಯವನ್ನು ಮಾತಾಡುವುದೇ ಬೇಡ ಎಂದು ಒಪ್ಪಂದ ಮಾಡಿಕೊಳ್ಳುವುದು ನನಗೆ ಒಳ್ಳೆಯ ಸಲಹೆಯಾಗಿ ಕಾಣುವುದಿಲ್ಲ. ಒಂದೇ ಮನೆಯವರು ದೇಶದ ಬಗ್ಗೆ ಮಾತಾಡದಿದ್ದರೆ ಅಪರಿಚಿತರ ಜೊತೆ ಮಾತಾಡುವುದು ಇನ್ನೂ ಕಷ್ಟವಾಗುತ್ತದೆ. ಅದರ ಬದಲು, ‘ನೀವು ಮತ ಹಾಕುವಾಗ ನಿಮ್ಮ ಮನಸ್ಸಿನಲ್ಲಿ ಮುಖ್ಯವಾಗಿ ಏನಿತ್ತು’ ಎಂದು ಅವರನ್ನು ಕೇಳಿ, ಅವರು ಹೇಳಿ ಮುಗಿಸುವವರೆಗೆ ಕೇಳಿಸಿಕೊಳ್ಳಿ, ಆಮೇಲೆ ನಿಮ್ಮ ಮನಸ್ಸಿನಲ್ಲಿ ಏನಿತ್ತೆಂದು ಹೇಳಿ. ಇದನ್ನು ಬರಹದ ಸಂದೇಶದಲ್ಲಿ ಮಾಡಬೇಡಿ, ಎದುರಿಗೆ ಕುಳಿತು ಮಾಡಿ. ಒಮ್ಮತ ಬರದೆ ಇರಬಹುದು. ಬಂದ ಉತ್ತರ ಮಗನ ಕೆಲಸದ ಚಿಂತೆಯೋ, ಊರಿನ ನೀರಿನ ಸಮಸ್ಯೆಯೋ, ನಿಮಗೆ ಒಪ್ಪಿಗೆಯಾಗದ ಒಂದು ನಂಬಿಕೆಯೋ ಆಗಿರಬಹುದು. ಏನೇ ಆಗಿದ್ದರೂ ಜಾಲತಾಣದ ಬೈಗುಳಕ್ಕಿಂತ ಅದು ನಿಮ್ಮ ಅಣ್ಣನನ್ನು ಹೆಚ್ಚು ನಿಜವಾಗಿ ತಿಳಿಸುತ್ತದೆ.

ಪ್ರಶ್ನೆ: 1977ರಲ್ಲಿ ನಮ್ಮ ಕ್ಷೇತ್ರದಲ್ಲಿ ಯಾರಿಗೆ ಎಷ್ಟು ಮತ ಬಂತು ಎಂದು ನೋಡಬೇಕೆಂದಿದೆ. ಎಲ್ಲಿ ಸಿಗುತ್ತದೆ?
— ಪ್ರೌಢಶಾಲಾ ಶಿಕ್ಷಕರು, ಕನಕಪುರ

ಉತ್ತರ: ಭಾರತದ ಚುನಾವಣಾ ಆಯೋಗವು ಪ್ರತಿ ಸಾರ್ವತ್ರಿಕ ಚುನಾವಣೆಯ ಅಂಕಿಅಂಶಗಳ ವರದಿಯನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಇರಿಸಿದೆ, 1977ರದೂ ಅಲ್ಲಿದೆ. ಕ್ಷೇತ್ರವಾರು ಅಭ್ಯರ್ಥಿಗಳ ಹೆಸರು, ಪಕ್ಷ, ಪಡೆದ ಮತ ಎಲ್ಲವೂ ಸಿಗುತ್ತವೆ. ಹುಡುಕುವಾಗ ಎರಡು ವಿಷಯ ನೆನಪಿರಲಿ. ಜನತಾ ಪಕ್ಷಕ್ಕೆ ಆಗ ಸ್ವಂತ ಚಿಹ್ನೆ ದೊರೆತಿರಲಿಲ್ಲ. ಬಹುತೇಕ ಅಭ್ಯರ್ಥಿಗಳು ಭಾರತೀಯ ಲೋಕದಳದ ಚಿಹ್ನೆಯಲ್ಲಿ ಸ್ಪರ್ಧಿಸಿದ್ದರಿಂದ ವರದಿಯಲ್ಲಿ ಆ ಪಕ್ಷದ ಹೆಸರೇ ಕಾಣುತ್ತದೆ. ಎರಡನೆಯದಾಗಿ, ಕ್ಷೇತ್ರಗಳ ಗಡಿಗಳು ಆಮೇಲೆ ಬದಲಾಗಿವೆ. ಅಂದು ಕನಕಪುರ ಎಂಬ ಹೆಸರಿನದೇ ಒಂದು ಲೋಕಸಭಾ ಕ್ಷೇತ್ರವಿತ್ತು, 2008ರ ಪುನರ್ವಿಂಗಡಣೆಯ ನಂತರ ಅದು ಇಲ್ಲವಾಗಿ ನಿಮ್ಮ ತಾಲ್ಲೂಕು ಬೆಂಗಳೂರು ಗ್ರಾಮಾಂತರಕ್ಕೆ ಸೇರಿದೆ. ಆದ್ದರಿಂದ ಅಂದಿನ ಅಂಕಿಗಳನ್ನು ಇಂದಿನ ಕ್ಷೇತ್ರದ ಅಂಕಿಗಳ ಜೊತೆ ನೇರವಾಗಿ ಹೋಲಿಸಬೇಡಿ. ಮಕ್ಕಳಿಗೆ ತೋರಿಸುವುದಾದರೆ ಗೆದ್ದವರ ಪಟ್ಟಿಯ ಜೊತೆಗೆ ಎರಡನೆಯ ಸ್ಥಾನದಲ್ಲಿದ್ದವರ ಮತಗಳ ಸಾಲನ್ನೂ ತೋರಿಸಿ, 28 ಕ್ಷೇತ್ರಗಳಲ್ಲೂ ಅವನ್ನು ಕೂಡಿಸಲು ಹೇಳಿ.